ಕ್ಯಾನ್ಸರ್ ಕೋಶ ಯಾವುದರಲ್ಲಿ ಬೇರೆ?

ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದೆ ಬಯಾಪ್ಸಿ ಮಾಡಿಸಿಕೊಂಡವರಲ್ಲಿ ಅನೇಕರ ರಿಪೋರ್ಟಿನಲ್ಲಿ ಬರುವ ಸಾಲು ಇದು: ‘ಮಾಡರೇಟ್ಲಿ ಡಿಫರೆನ್ಷಿಯೇಟೆಡ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮ’. ಸ್ಕ್ವಾಮಸ್ ಎಂದರೆ ಬಾಯಿಯ ಒಳಮೈಯನ್ನು ಹೆಂಚಿನಂತೆ ಹೊದ್ದಿರುವ ಚಪ್ಪಟೆ ಕೋಶ. ಕಾರ್ಸಿನೋಮ ಎಂದರೆ ಅಂಥ ಹೊದಿಕೆಯಲ್ಲಿ ಹುಟ್ಟಿದ ಕ್ಯಾನ್ಸರ್. ಉಳಿದದ್ದು ‘ಡಿಫರೆನ್ಷಿಯೇಟೆಡ್’. ಕೋಶ ತನ್ನ ಕುಲಕಸುಬನ್ನು ಇನ್ನೂ ಎಷ್ಟು ನೆನಪಿಟ್ಟುಕೊಂಡಿದೆ ಎಂಬುದರ ಅಳತೆ ಅದು. ‘ವೆಲ್’ ಎಂದಿದ್ದರೆ ಕೋಶಗಳು ಇನ್ನೂ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತಯಾರಿಸುತ್ತಿವೆ, ಸ್ಲೈಡಿನಲ್ಲಿ ಅದು ಈರುಳ್ಳಿ ಸೀಳಿದ ಹಾಗೆ ಸುತ್ತುಸುತ್ತಾಗಿ ಕಾಣುತ್ತದೆ. ‘ಪೂರ್ಲಿ’ ಎಂದಿದ್ದರೆ ಕೋಶ ಯಾವ ಅಂಗದಿಂದ ಬಂತೆಂದು ಹೇಳುವುದೇ ಕಷ್ಟವಾಗುವಷ್ಟು ಗುರುತು ಅಳಿಸಿಹೋಗಿದೆ.

ಕ್ಯಾನ್ಸರ್ ಕೋಶ ಹೊರಗಿನಿಂದ ನುಗ್ಗಿದ ಶತ್ರು ಎಂಬಂತೆ ನಾವು ಮಾತಾಡುತ್ತೇವೆ. ಆದರೆ ಅದು ಮಾಡುವ ಹೆಚ್ಚಿನ ಕೆಲಸಗಳನ್ನು ದೇಹದ ಯಾವುದೋ ಒಂದು ಆರೋಗ್ಯವಂತ ಕೋಶ, ಎಲ್ಲೋ, ಯಾವಾಗಲೋ ಮಾಡಿಯೇ ಇರುತ್ತದೆ. ವ್ಯತ್ಯಾಸವಿರುವುದು ‘ಸಾಕು’ ಎಂಬ ಮಾತು ಅದರ ಕಿವಿಗೆ ಬೀಳದಿರುವುದರಲ್ಲಿ. ಕೀಮೋ ಕೊಟ್ಟರೆ ಕೂದಲೇಕೆ ಉದುರುತ್ತದೆ, ಸಕ್ಕರೆ ಬಿಟ್ಟರೆ ಗಡ್ಡೆಯೇಕೆ ಕರಗುವುದಿಲ್ಲ, ಪೆಟ್ ಸ್ಕ್ಯಾನಿನಲ್ಲಿ ಕ್ಷಯದ ಗಂಟೂ ಏಕೆ ಹೊಳೆಯುತ್ತದೆ ಎಂಬ ಪ್ರಶ್ನೆಗಳೆಲ್ಲ ಬಂದು ನಿಲ್ಲುವುದು ಇಲ್ಲೇ.

ಮೊದಲು ಸ್ಲೈಡನ್ನೇ ನೋಡೋಣ. ಕತ್ತರಿಸಿದ ಚೂರನ್ನು ಅದರ ಗಾತ್ರದ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಿಡಬೇಕು. ಸಲೈನ್‌ನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಕೋಶ ತನ್ನದೇ ಕಿಣ್ವಗಳಿಂದ ಕರಗಲಾರಂಭಿಸುತ್ತದೆ, ಆಮೇಲೆ ಎಂಥ ಪೆಥಾಲಜಿಸ್ಟ್ ಕೂತರೂ ಓದಲಾಗದು. ಸ್ತನದ ಅಂಗಾಂಶವಾದರೆ ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕೆಂಬ ನಿಯಮವೇ ಇದೆ. ಇದು ತಪ್ಪಿದರೆ ಹಾರ್ಮೋನಿನ ಸಂದೇಶ ಹಿಡಿಯುವ ರಿಸೆಪ್ಟರ್ ಕೋಶದಲ್ಲಿ ಇದ್ದೂ ‘ನೆಗೆಟಿವ್’ ಎಂದು ಬರಬಹುದು, ಹಾಗೆ ಬಂದರೆ ಹಾರ್ಮೋನ್ ಮಾತ್ರೆಯ ಬಾಗಿಲೇ ಮುಚ್ಚಿದಂತೆ. ಬಳಿಕ ಚೂರನ್ನು ಮೇಣದಲ್ಲಿ ಹುದುಗಿಸಿ, 3ರಿಂದ 5 ಮೈಕ್ರಾನ್ ದಪ್ಪಕ್ಕೆ ಹೆರೆದು, ಎರಡು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಕೋಶಕೇಂದ್ರವನ್ನು ನೀಲಿ ಮಾಡುತ್ತದೆ, ಇಯೋಸಿನ್ ಉಳಿದುದನ್ನು ಗುಲಾಬಿ ಮಾಡುತ್ತದೆ.

ಆರೋಗ್ಯವಂತ ಕೆನ್ನೆಯ ಒಳಪದರದಲ್ಲಿ ಕೋಶ ಒಡೆದು ಎರಡಾಗುವುದು ತಳದ ಸಾಲಿನಲ್ಲೇ. ಅಲ್ಲಿಂದ ಮೇಲೇರುತ್ತ ಕೋಶ ಚಪ್ಪಟೆಯಾಗಿ, ಎರಡು ವಾರದ ಆಸುಪಾಸಿನಲ್ಲಿ ಎಂಜಲಿನೊಂದಿಗೆ ಉದುರಿಹೋಗುತ್ತದೆ. ತಳದ ಸಾಲಿನ ಕೆಳಗೆ ತೆಳುವಾದ ಒಂದು ಪೊರೆ, ಬೇಸ್‌ಮೆಂಟ್ ಮೆಂಬ್ರೇನ್. ಮೇಲಿನ ಕೋಶಕ್ಕೆ ಅದನ್ನು ದಾಟುವ ಪರವಾನಗಿ ಇಲ್ಲ. ಕ್ಯಾನ್ಸರ್ ಸ್ಲೈಡಿನಲ್ಲಿ ಈ ಶಿಸ್ತು ಒಂದೊಂದಾಗಿ ಸಡಿಲಗೊಂಡಿರುತ್ತದೆ. ಮೇಲಿನ ಸಾಲುಗಳಲ್ಲೂ ವಿಭಜನೆ ನಡೆದಿರುತ್ತದೆ. ಸಾಮಾನ್ಯವಾಗಿ ಕೋಶಕೇಂದ್ರ ಮತ್ತು ಸುತ್ತಲಿನ ಕೋಶದ್ರವದ ಪ್ರಮಾಣ 1:4ರಿಂದ 1:6ರವರೆಗೆ ಇದ್ದರೆ, ಇಲ್ಲಿ ಅದು 1:1ರ ಹತ್ತಿರ ಬಂದಿರಬಹುದು. ಕೇಂದ್ರ ದೊಡ್ಡದು ಮತ್ತು ಕಪ್ಪಗೆ, ಏಕೆಂದರೆ ಒಳಗೆ ಡಿಎನ್‌ಎ ಹೆಚ್ಚಿದೆ ಮತ್ತು ಅಸ್ತವ್ಯಸ್ತವಾಗಿ ಮುದುಡಿಕೊಂಡಿದೆ. ಮನುಷ್ಯನ ಕೋಶದಲ್ಲಿ ಕ್ರೋಮೋಸೋಮ್ 46 ಇರಬೇಕು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ ತೆಗೆದ, ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿರುವ ಹೀಲಾ ಕೋಶಗಳಲ್ಲಿ ಅವು 80ರ ಹತ್ತಿರ ಇವೆ. ವಿಭಜನೆಯ ವೇಳೆ ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯಬೇಕಾದ ಹಗ್ಗಗಳು ಮೂರು ಕಡೆಗೆ ಎಳೆಯುತ್ತಿರುವ ದೃಶ್ಯವೂ ಕಂಡೀತು. ಹಾಗೆ ಕಂಡರೆ ಪೆಥಾಲಜಿಸ್ಟ್ ಪೆನ್ನು ಕೈಗೆತ್ತಿಕೊಳ್ಳುತ್ತಾರೆ.

ಆದರೂ ಒಂದೇ ಲಕ್ಷಣ ನೋಡಿ ಯಾರೂ ಸಹಿ ಹಾಕುವುದಿಲ್ಲ. ಮಾಯುತ್ತಿರುವ ಗಾಯದ ಅಂಚಿನಲ್ಲೂ ಕೇಂದ್ರ ದೊಡ್ಡದಾಗಿರುತ್ತದೆ, ವಿಭಜನೆ ಭರದಿಂದ ಸಾಗಿರುತ್ತದೆ. ತೀರ್ಮಾನವನ್ನು ನಿರ್ಧರಿಸುವುದು ಆ ತಳದ ಪೊರೆ. ಅದರ ಮೇಲೆಯೇ ಗಲಭೆ ನಡೆದಿದ್ದರೆ ಡಿಸ್‌ಪ್ಲೇಸಿಯಾ, ಅಂದರೆ ಕ್ಯಾನ್ಸರಿಗೆ ಮುಂಚಿನ ಕೆಡುಕು, ಅಥವಾ ಇದ್ದಲ್ಲೇ ಇರುವ ಕ್ಯಾನ್ಸರ್. ದಾಟಿದ್ದರೆ ಅಸಲಿ ಕ್ಯಾನ್ಸರ್. ದಾಟಿದ ಮೇಲೆ ಎಷ್ಟು ಆಳಕ್ಕಿಳಿದಿದೆ ಎಂಬುದೇ ಲೆಕ್ಕ: ಬಾಯಿಯ ಕ್ಯಾನ್ಸರಿನಲ್ಲಿ 5 ಮತ್ತು 10 ಮಿಲಿಮೀಟರ್ ಆಳ ಹಂತವನ್ನೇ ಬದಲಿಸುವ ಗೆರೆಗಳು. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ, ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೂ ಅಲ್ಲಿನ ದುಗ್ಧಗ್ರಂಥಿಗಳನ್ನು ಮೊದಲೇ ತೆಗೆಯಬೇಕೇ ಎಂಬ ಹಳೆಯ ಜಗಳವನ್ನು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಧ್ಯಯನ 2015ರಲ್ಲಿ ಬಹುಮಟ್ಟಿಗೆ ಮುಗಿಸಿತು. ಮೊದಲೇ ತೆಗೆದವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ 80, ಗಂಟು ಕಂಡ ಮೇಲೆ ತೆಗೆದವರಲ್ಲಿ ಶೇ 67.5. ಕಣ್ಣಿಗೆ ಕಾಣದ ಕೋಶಗಳು ಆಗಲೇ ದಾರಿ ಹಿಡಿದಿದ್ದವು ಎಂದರ್ಥ.

ಈಗ ವೇಗದ ವಿಚಾರ. ‘ಕ್ಯಾನ್ಸರ್ ಕೋಶ ಅತಿ ವೇಗವಾಗಿ ಬೆಳೆಯುತ್ತದೆ’ ಎಂಬುದು ಶಾಲೆಯ ಪಠ್ಯದಿಂದ ಹಿಡಿದು ಆಸ್ಪತ್ರೆಯ ಗೋಡೆಯವರೆಗೆ ಎಲ್ಲೆಡೆ ಸಿಗುವ ಅರ್ಧಸತ್ಯ. ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಮೂಳೆಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ತಯಾರಿಸುತ್ತದೆ. ಇವುಗಳ ಮುಂದೆ ಸ್ತನದ ಸಾಮಾನ್ಯ ಗಡ್ಡೆ ಸೋಮಾರಿ. ಅದು ಇಮ್ಮಡಿಯಾಗಲು ಎಷ್ಟೋ ಸಲ ತಿಂಗಳುಗಳೇ ಬೇಕು. ಆದರೆ ಕರುಳಿನಲ್ಲಿ ಹುಟ್ಟಿದಷ್ಟೇ ಕೋಶ ಸಾಯುತ್ತವೆ, ಲೆಕ್ಕ ಸರಿಹೋಗುತ್ತದೆ. ಗಡ್ಡೆಯಲ್ಲಿ ಜಮಾ ಆಗುವುದು ಖರ್ಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ಸ್ವಲ್ಪವೇ ಚಕ್ರಬಡ್ಡಿಯಾಗುತ್ತದೆ. ಒಂದು ಕೋಶ ಸುಮಾರು 30 ಸಲ ಇಮ್ಮಡಿಸಿದರೆ 100 ಕೋಟಿ ಕೋಶ, ಅಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನ, ಒಂದು ಗ್ರಾಂ ತೂಕದ ಗಡ್ಡೆ. ಇನ್ನು ಹತ್ತು ಇಮ್ಮಡಿಗೆ ಅದು ಒಂದು ಕಿಲೋ. ಬೆರಳಿಗೆ ಸಿಗುವ ಹೊತ್ತಿಗೆ ಗಡ್ಡೆ ತನ್ನ ದಾರಿಯ ಮುಕ್ಕಾಲು ಭಾಗ ನಡೆದಾಗಿರುತ್ತದೆ.

ಹಳೆಯ ಮಾದರಿಯ ಕೀಮೋ ಔಷಧಿಗಳಿಗೆ ಗೊತ್ತಿರುವುದು ‘ವಿಭಜಿಸುತ್ತಿರುವ ಕೋಶ’ ಎಂಬ ಒಂದೇ ಗುರುತು. ಹಾಗಾಗಿ ಕೂದಲ ಬುಡ, ಬಾಯಿ, ಕರುಳು, ಮಜ್ಜೆ ಎಲ್ಲಕ್ಕೂ ಏಟು. ಅನೇಕ ಕೀಮೋಗಳನ್ನು 21 ದಿನಕ್ಕೊಮ್ಮೆ ಕೊಡುವುದಕ್ಕೂ ಕಾರಣ ಮಜ್ಜೆಯೇ: ಬಿಳಿ ರಕ್ತಕಣ 7ರಿಂದ 14ನೇ ದಿನದ ನಡುವೆ ಪಾತಾಳಕ್ಕಿಳಿದು, ಮೂರನೇ ವಾರದ ಕೊನೆಗೆ ಚೇತರಿಸಿಕೊಳ್ಳುತ್ತದೆ. ಆ ನಡುವಿನ ದಿನಗಳಲ್ಲಿ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿತೆಂದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಕೆಟ್ಟ ಕೋಶಕ್ಕೂ ಒಳ್ಳೆಯ ಕೋಶಕ್ಕೂ ಇರುವ ವ್ಯತ್ಯಾಸ ಎಷ್ಟು ಸಣ್ಣದು ಎಂಬುದಕ್ಕೆ ಈ 21 ದಿನದ ಕ್ಯಾಲೆಂಡರಿಗಿಂತ ಬೇರೆ ಸಾಕ್ಷಿ ಬೇಡ.

‘ಸಾಕು’ ಎಂಬ ಮಾತು ಕೇಳಿಸದಂತಾಗುವುದು ಹೇಗೆ? ರಾಸ್ ಎಂಬ ಪ್ರೋಟೀನನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಇದೊಂದು ಸ್ವಿಚ್. ಹೊರಗಿನಿಂದ ‘ಬೆಳೆ’ ಎಂಬ ಸಂದೇಶ ಬಂದಾಗ ಜಿಟಿಪಿ ಎಂಬ ಅಣುವನ್ನು ಹಿಡಿದು ಆನ್ ಆಗುತ್ತದೆ. ಇನ್ನೊಂದು ಪ್ರೋಟೀನು ಬಂದು ತನ್ನ ಬೆರಳಿನಂಥ ಭಾಗವನ್ನು ಒಳತೂರಿಸಿ ಆ ಜಿಟಿಪಿಯನ್ನು ಕತ್ತರಿಸಿದಾಗ ಆಫ್. ಬೆರಳು ತೂರುವ ಸಂದಿಯಲ್ಲಿ, 12ನೇ ಸ್ಥಾನದಲ್ಲಿ ಕೂತಿರುವ ಅಮೈನೋ ಆಮ್ಲ ಗ್ಲೈಸೀನ್. ಅಮೈನೋ ಆಮ್ಲಗಳಲ್ಲೆಲ್ಲ ಅದು ಅತಿ ಚಿಕ್ಕದು, ಅದರ ಪಕ್ಕದ ರೆಂಬೆ ಎಂದರೆ ಒಂದೇ ಒಂದು ಹೈಡ್ರೋಜನ್. ಅಲ್ಲಿ ಅದಕ್ಕಿಂತ ದೊಡ್ಡದು ಹೆಚ್ಚುಕಡಿಮೆ ಯಾವುದು ಬಂದರೂ ಬೆರಳಿಗೆ ಜಾಗ ಸಾಲದು. ಸ್ವಿಚ್ ಆನ್ ಆದದ್ದು ಆನ್ ಆಗಿಯೇ ಉಳಿಯುತ್ತದೆ. ಮೂತ್ರಕೋಶದ ಒಂದು ಕ್ಯಾನ್ಸರ್ ಕೋಶದಲ್ಲಿ ಆಗಿದ್ದ ಬದಲಾವಣೆ ಇಷ್ಟೇ, ಡಿಎನ್‌ಎಯ ಒಂದಕ್ಷರ ತಪ್ಪಿ ಗ್ಲೈಸೀನ್ ಜಾಗದಲ್ಲಿ ವ್ಯಾಲೀನ್, ಎಂದು 1982ರಲ್ಲಿ ಗೊತ್ತಾದಾಗ ವಿಜ್ಞಾನಿಗಳೇ ಬೆರಗಾದರು. 600 ಕೋಟಿ ಅಕ್ಷರಗಳ ಪೈಕಿ ಒಂದು! ಈ ಸ್ವಿಚ್ಚಿಗೆ ಹೊಂದುವ ಔಷಧಿ ಹುಡುಕುವುದರಲ್ಲಿ ನಾಲ್ಕು ದಶಕ ಕಳೆಯಿತು. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೋಟೊರಾಸಿಬ್, ಗ್ಲೈಸೀನ್ ಜಾಗದಲ್ಲಿ ಸಿಸ್ಟೀನ್ ಬಂದು ಕೂತಿದ್ದರೆ ಮಾತ್ರ ಅದರ ಗಂಧಕದ ಪರಮಾಣುವಿಗೆ ಕಚ್ಚಿಕೊಳ್ಳುತ್ತದೆ. ಆರೋಗ್ಯವಂತ ರಾಸ್‌ನಲ್ಲಿ ಆ ಜಾಗದಲ್ಲಿ ಗಂಧಕವಿಲ್ಲ, ಹಾಗಾಗಿ ಅದರ ತಂಟೆಗೆ ಹೋಗುವುದಿಲ್ಲ. ಕ್ಯಾನ್ಸರಿಗೇ ವಿಶಿಷ್ಟವಾದ ಗುರುತು ಇಂಥಲ್ಲಿ ಸಿಗುತ್ತದೆ, ಆದರೆ ಅಪರೂಪಕ್ಕೆ.

ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡರೂ ಬ್ರೇಕ್ ಇದ್ದರೆ ಗಾಡಿ ನಿಲ್ಲುತ್ತದೆ. ಆರ್‌ಬಿ ಮತ್ತು ಪಿ53 ಆ ಬ್ರೇಕುಗಳು. ಆರ್‌ಬಿ ಕೋಶವನ್ನು ವಿಭಜನೆಯ ಹೊಸ್ತಿಲಲ್ಲೇ ತಡೆಯುತ್ತದೆ. ಪಿ53 ಡಿಎನ್‌ಎ ಕೆಟ್ಟಿದ್ದರೆ ರಿಪೇರಿಗೆ ಸಮಯ ಕೊಡಿಸುತ್ತದೆ, ರಿಪೇರಿ ಆಗದಿದ್ದರೆ ಕೋಶಕ್ಕೆ ಆತ್ಮಹತ್ಯೆಯ ಆದೇಶ ಹೊರಡಿಸುತ್ತದೆ. ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಜೀನ್ ಕೆಟ್ಟಿರುತ್ತದೆ. ಇಂಥ ಬ್ರೇಕಿನ ಜೀನ್ ಪ್ರತಿ ಕೋಶದಲ್ಲೂ ಎರಡೆರಡು, ತಾಯಿಯಿಂದೊಂದು ತಂದೆಯಿಂದೊಂದು. ಸಾಮಾನ್ಯವಾಗಿ ಎರಡೂ ಕೆಡಬೇಕು. ಮಕ್ಕಳ ಕಣ್ಣಿನ ರೆಟಿನೋಬ್ಲಾಸ್ಟೋಮ ಗಡ್ಡೆಯ ಲೆಕ್ಕ ಹಾಕಿ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಊಹಿಸಿದ್ದು ಇದನ್ನೇ. ಕೆಟ್ಟ ಪ್ರತಿಯೊಂದನ್ನು ಹುಟ್ಟುವಾಗಲೇ ಪಡೆದ ಮಗುವಿಗೆ ಇನ್ನೊಂದೇ ಏಟು ಸಾಕು, ಆದ್ದರಿಂದ ಹೆಚ್ಚಾಗಿ ಎರಡೂ ಕಣ್ಣಿನಲ್ಲಿ, ಬೇಗನೆ ಬರುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಮಗುವಿನ ಕಣ್ಣಪಾಪೆ ಕೆಂಪಗೆ ಕಾಣುವ ಬದಲು ಬೆಳ್ಳಗೆ ಹೊಳೆದರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ ಎನ್ನುವುದು ಇದಕ್ಕೇ.

ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿಗೆ ಜೀನ್ ಕೆಡಿಸುವ ತಾಪತ್ರಯವೇ ಬೇಡ. ಅದರ ಇ6 ಪ್ರೋಟೀನು ಪಿ53ಯನ್ನು ಕೋಶದ ಕಸದಬುಟ್ಟಿಗೆ ಕಳಿಸುತ್ತದೆ, ಇ7 ಆರ್‌ಬಿಯ ಕೈಕಟ್ಟುತ್ತದೆ. ಎರಡೂ ಬ್ರೇಕ್ ಒಮ್ಮೆಲೇ ಹೋಯಿತು. ಲಸಿಕೆಯನ್ನು 9ರಿಂದ 14 ವರ್ಷದೊಳಗೆ ಕೊಡಿ ಎನ್ನುವುದು ವೈರಸ್ ಕೋಶ ಹೊಗುವ ಮೊದಲೇ ಬಾಗಿಲು ಹಾಕುವುದಕ್ಕೆ. ಒಳಹೊಕ್ಕ ಮೇಲೆ ಲಸಿಕೆ ಅದನ್ನು ಹೊರದಬ್ಬಲಾರದು. ನಮ್ಮಲ್ಲಿ ಹೆಚ್ಚಿರುವ ಬಾಯಿ ಕ್ಯಾನ್ಸರಿನ ದಾರಿ ಬೇರೆ, ನಿಧಾನದ್ದು. ತಂಬಾಕಿನ ನೈಟ್ರೋಸಮೀನುಗಳು ಡಿಎನ್‌ಎಗೆ ಅಂಟಿಕೊಂಡು ಅಕ್ಷರದೋಷ ತರುತ್ತವೆ. ಮಲೆನಾಡಿಗೆ ಹಿತವಲ್ಲದ ಮಾತೊಂದನ್ನು ಇಲ್ಲಿ ಆಡಲೇಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ, ತಂಬಾಕು ಇಲ್ಲದೆಯೂ, ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು 2004ರಲ್ಲಿ ವರ್ಗೀಕರಿಸಿದೆ. ಅಡಿಕೆಯ ಅರೆಕೋಲಿನ್ ಕೆನ್ನೆಯೊಳಗೆ ನಾರು ಬೆಳೆಸುತ್ತದೆ. ಬಾಯಿಯೊಳಗೆ ಮೂರು ಬೆರಳು ನಿಲ್ಲಿಸಿ ತೂರಿಸಲು ಆಗದಿದ್ದರೆ, ಖಾರ ತಾಗಿದರೆ ಉರಿಯಾದರೆ, ಆ ನಾರುಗಟ್ಟುವಿಕೆ ಶುರುವಾಗಿದೆ ಎಂದು ಅನುಮಾನಿಸಬೇಕು. ಅದು ಕ್ಯಾನ್ಸರಲ್ಲ, ಆದರೆ ಅದರ ಹಿಂದಿನ ನಿಲ್ದಾಣ.

ಬ್ರೇಕಿಲ್ಲದ ಕೋಶಕ್ಕೂ ಆಯಸ್ಸಿನ ಮಿತಿ ಇದೆ. ಮನುಷ್ಯನ ಸಾಮಾನ್ಯ ಕೋಶ ಪಾತ್ರೆಯಲ್ಲಿ 40ರಿಂದ 60 ಸಲ ಇಮ್ಮಡಿಸಿ ನಿಂತುಬಿಡುತ್ತದೆ ಎಂದು ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದರು. ಕ್ರೋಮೋಸೋಮಿನ ತುದಿಯ ಟೀಲೊಮಿಯರ್ ಪ್ರತಿ ವಿಭಜನೆಯಲ್ಲೂ ಸವೆಯುತ್ತದೆ. ಕ್ಯಾನ್ಸರುಗಳಲ್ಲಿ ಶೇ 85ಕ್ಕೂ ಹೆಚ್ಚಿನವು ಟೀಲೊಮರೇಸ್ ಎಂಬ ಕಿಣ್ವವನ್ನು ಮತ್ತೆ ಎಬ್ಬಿಸಿ ಆ ಸವೆತ ತುಂಬಿಕೊಳ್ಳುತ್ತವೆ. ಆ ಕಿಣ್ವವೂ ಎರವಲಿನದಲ್ಲ. ಭ್ರೂಣದಲ್ಲಿ, ವೀರ್ಯಾಣು ತಯಾರಾಗುವಲ್ಲಿ, ಮಜ್ಜೆಯ ಮೂಲಕೋಶದಲ್ಲಿ ಅದು ಎಂದಿನಿಂದಲೂ ಇದೆ.

ಸಕ್ಕರೆಯ ಸುದ್ದಿಗೆ ಬರೋಣ. ಗಡ್ಡೆಯ ಕೋಶಗಳು ಆಮ್ಲಜನಕ ಇದ್ದಾಗಲೂ ಗ್ಲೂಕೋಸನ್ನು ಅರೆಬರೆ ಸುಟ್ಟು ಲ್ಯಾಕ್ಟೇಟ್ ಆಗಿ ಬಿಸಾಡುತ್ತವೆ ಎಂದು ಜರ್ಮನಿಯ ಓಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಕಂಡುಕೊಂಡರು. ಪೂರ್ತಿ ಸುಟ್ಟರೆ ಒಂದು ಗ್ಲೂಕೋಸಿಗೆ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ 30ರಷ್ಟು, ಈ ದುಂದುಗಾರಿಕೆಯಲ್ಲಿ ಎರಡೇ. ಕಟ್ಟಡ ಕಟ್ಟುವವನಿಗೆ ಸೌದೆಗಿಂತ ಮರಮುಟ್ಟು ಮುಖ್ಯ, ಹಾಗೆ. ಹೊಸ ಕೋಶ ಕಟ್ಟಲು ಗ್ಲೂಕೋಸಿನ ಇಂಗಾಲ ಬೇಕು. ಪೆಟ್ ಸ್ಕ್ಯಾನ್ ನಿಂತಿರುವುದು ಈ ಹಸಿವಿನ ಮೇಲೆ. ನಾಲ್ಕರಿಂದ ಆರು ಗಂಟೆ ಉಪವಾಸವಿಟ್ಟು, ರಕ್ತದ ಸಕ್ಕರೆ 200ರೊಳಗಿದೆಯೇ ನೋಡಿ, ವಿಕಿರಣ ಹೊಮ್ಮಿಸುವ ಫ್ಲೋರಿನ್ ಕಟ್ಟಿದ ಗ್ಲೂಕೋಸನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದನ್ನು ನುಂಗಿದ ಕೋಶಕ್ಕೆ ಮುಂದೆ ಜೀರ್ಣಿಸಲೂ ಆಗದು, ಉಗುಳಲೂ ಆಗದು. ಸುಮಾರು ಒಂದು ಗಂಟೆ ಸುಮ್ಮನೆ ಮಲಗಿದ ಮೇಲೆ ಸ್ಕ್ಯಾನ್. 110 ನಿಮಿಷಕ್ಕೊಮ್ಮೆ ಆ ವಿಕಿರಣ ಅರ್ಧವಾಗುವುದರಿಂದ ಅಪಾಯಿಂಟ್‌ಮೆಂಟಿಗೆ ತಡವಾಗಿ ಹೋದರೆ ಡೋಸ್ ಕಾಯುತ್ತ ಕೂರುವುದಿಲ್ಲ. ಆದರೆ ಮಿದುಳೂ ಹೊಳೆಯುತ್ತದೆ, ಹೃದಯವೂ ಹೊಳೆಯುತ್ತದೆ, ನಮ್ಮ ದೇಶದಲ್ಲಿ ಮುಖ್ಯವಾಗಿ ಕ್ಷಯರೋಗದ ಗಂಟೂ ಥೇಟ್ ಕ್ಯಾನ್ಸರಿನಂತೆ ಹೊಳೆಯುತ್ತದೆ. ಉರಿಯೂತದ ಕೋಶಗಳಿಗೂ ಅದೇ ಹಸಿವು. ಪೆಟ್‌ನಲ್ಲಿ ಬೆಳಗಿದ್ದಕ್ಕೆಲ್ಲ ನಾಲ್ಕನೇ ಹಂತ ಎಂದು ಹಣೆಪಟ್ಟಿ ಹಚ್ಚುವ ಮೊದಲು ಸೂಜಿ ಹಾಕಿ ನೋಡಬೇಕೆನ್ನುವುದು ಅದಕ್ಕೆ.

ಇಲ್ಲಿಂದಲೇ ‘ಸಕ್ಕರೆ ಬಿಡಿ, ಕ್ಯಾನ್ಸರ್ ಉಪವಾಸ ಸಾಯುತ್ತದೆ’ ಎಂಬ ವಾಟ್ಸ್ಆ್ಯಪ್ ವೈದ್ಯ ಹುಟ್ಟುವುದು. ಊಟ ಬಿಟ್ಟರೆ ಯಕೃತ್ತು ಸ್ನಾಯುವಿನ ಪ್ರೋಟೀನನ್ನೇ ಕರಗಿಸಿ ಗ್ಲೂಕೋಸ್ ಮಾಡಿ ರಕ್ತಕ್ಕೆ ಹಾಕುತ್ತದೆ. ಗಡ್ಡೆ ತಿನ್ನುತ್ತದೆ, ಸೊರಗುವವರು ರೋಗಿ. ಮೇಲಾಗಿ ಗಡ್ಡೆಗೆ ಗ್ಲುಟಮಿನ್‌ನಂಥ ಬೇರೆ ಆಹಾರವೂ ಒಗ್ಗುತ್ತದೆ. ಚಿಕಿತ್ಸೆಯ ನಡುವೆ ಐದಾರು ಕಿಲೋ ಕಳೆದುಕೊಂಡವರಿಗೆ ಮುಂದಿನ ಕೀಮೋ ತಡೆದುಕೊಳ್ಳುವುದೇ ಕಷ್ಟ. ಕ್ಷಾರೀಯ ನೀರಿನ ವ್ಯಾಪಾರವೂ ಇದೇ ಜಾತಿಯದು. ಗಡ್ಡೆಯ ಸುತ್ತ ಆಮ್ಲೀಯತೆ ಇರುವುದು ನಿಜ, ಅದು ಗಡ್ಡೆಯೇ ಚೆಲ್ಲಿದ ಲ್ಯಾಕ್ಟಿಕ್ ಆಮ್ಲ. ರಕ್ತದ ಪಿಎಚ್ 7.35ರಿಂದ 7.45ರ ಗೆರೆ ದಾಟದಂತೆ ಶ್ವಾಸಕೋಶ, ಮೂತ್ರಪಿಂಡ ಕಾಯುತ್ತವೆ. ಯಾವ ನೀರು ಕುಡಿದರೂ ಅದು ಮೊದಲು ಬೀಳುವುದು ಜಠರದ ಆಮ್ಲದಲ್ಲಿ.

ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಗಡ್ಡೆಗೆ ರಕ್ತನಾಳ ಬೇಕು ಎಂದು ಜೂಡಾ ಫೋಕ್‌ಮನ್ 1971ರಲ್ಲಿ ಹೇಳಿದಾಗ ನಂಬಿದವರು ಕಡಿಮೆ. ಗಡ್ಡೆ ವೆಜ್‌ಎಫ್ ಎಂಬ ಸಂಕೇತ ಸುರಿಸಿ ಅಕ್ಕಪಕ್ಕದ ನಾಳಗಳನ್ನು ತನ್ನತ್ತ ಕವಲೊಡೆಸಿಕೊಳ್ಳುತ್ತದೆ. ತಳದ ಪೊರೆ ಸೀಳಿ, ನಾಳ ಹೊಕ್ಕು, ರೋಗನಿರೋಧಕ ಕೋಶಗಳ ಕಣ್ಣು ತಪ್ಪಿಸಿ, ಪರಸ್ಥಳದಲ್ಲಿ ಬೇರೂರುತ್ತದೆ. ಇಷ್ಟೆಲ್ಲ ಕೇಳಿದರೆ ದೈತ್ಯನ ಕಥೆ ಅನ್ನಿಸಬಹುದು. ಆದರೆ ಪ್ರತಿ ಬಸುರಿನಲ್ಲೂ ಮಾಸು ಮಾಡುವುದು ಇದನ್ನೇ ಅಲ್ಲವೇ? ಮಾಸಿನ ಕೋಶಗಳು ಗರ್ಭಕೋಶದ ಗೋಡೆ ಕೊರೆಯುತ್ತವೆ, ತಾಯಿಯ ರಕ್ತನಾಳಗಳ ಒಳಮೈಯನ್ನೇ ಬದಲಿಸುತ್ತವೆ, ಅರ್ಧ ತಂದೆಯ ಜೀನ್ ಹೊತ್ತಿದ್ದರೂ ತಾಯಿಯ ರೋಗನಿರೋಧಕ ಟಿ ಕೋಶಗಳು ತಮ್ಮ ಮೇಲೆರಗದಂತೆ ಪಿಡಿ-ಎಲ್1 ಎಂಬ ಶಾಂತಿಬಾವುಟವನ್ನೂ ಹಾರಿಸುತ್ತವೆ. ಗೋಡೆಯ ಸ್ನಾಯುವಿನ ಒಳಮೂರನೇ ಭಾಗಕ್ಕೆ ಬಂದು ನಿಲ್ಲುತ್ತವೆ. ನಿಲ್ಲದಿದ್ದರೆ ಅದು ಹೆರಿಗೆಯ ವೇಳೆ ರಕ್ತಸ್ರಾವದಿಂದ ತಾಯಿಯ ಜೀವಕ್ಕೇ ಕುತ್ತು ತರುವ ಅಕ್ರೀಟಾ. ಗಡ್ಡೆಯ ಕೋಶ ಹಾರಿಸುವುದೂ ಅದೇ ಪಿಡಿ-ಎಲ್1 ಬಾವುಟ.

ಆ ಬಾವುಟವೂ ಸೇರಿದಂತೆ ಟಿ ಕೋಶಗಳ ಕೈಕಟ್ಟುವ ತಡೆಗಳನ್ನು ಕೀಳುವ ಔಷಧಿಗಳ ಮೂಲಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಅಡ್ಡಪರಿಣಾಮವೂ ನಿರೀಕ್ಷಿತವೇ. ದೇಹದ ಆರೋಗ್ಯವಂತ ಅಂಗಗಳೂ ಅದೇ ಬಾವುಟವನ್ನು ನಂಬಿಕೊಂಡಿರುವುದರಿಂದ ಥೈರಾಯ್ಡ್, ಕರುಳು, ಶ್ವಾಸಕೋಶದ ಮೇಲೆ ಸ್ವಂತ ಟಿ ಕೋಶಗಳೇ ತಿರುಗಿಬೀಳಬಹುದು. ಬೆಲೆ ಇನ್ನೊಂದು ಗೋಡೆ. ಟಾಟಾ ಮೆಮೋರಿಯಲ್ ತಂಡ 2023ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ಒಂದಷ್ಟು ಕೆಡವಿತು. ತಲೆ-ಕುತ್ತಿಗೆಯ ಮುಂದುವರಿದ ಕ್ಯಾನ್ಸರಿಗೆ ಮಾತ್ರೆಗಳ ಚಿಕಿತ್ಸೆಯೊಂದಿಗೆ ಇಂಥದೇ ಔಷಧಿಯಾದ ನಿವೊಲುಮ್ಯಾಬನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು. ವಾಡಿಕೆಯ ಡೋಸ್ ಎರಡು ವಾರಕ್ಕೆ 240. ಒಂದು ವರ್ಷ ಬದುಕಿದವರ ಪ್ರಮಾಣ ಬರೀ ಮಾತ್ರೆ ಪಡೆದವರಲ್ಲಿದ್ದ ಶೇ 16.3ರಿಂದ 43.4ಕ್ಕೇರಿತು.

‘ಸೂಜಿ ಚುಚ್ಚಿದರೆ ಹರಡುತ್ತದೆ’ ಎಂಬ ಭಯಕ್ಕೂ ಉತ್ತರ ಇಲ್ಲಿದೆ. ಗಡ್ಡೆ ತಾನಾಗಿಯೇ ದಿನವೂ ಕೋಶಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಅವುಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸಾಯುತ್ತವೆ, ಎಲ್ಲೋ ಒಂದು ಬೇರೂರುತ್ತದೆ. ಸೂಜಿಯಿಂದ ಬೀಳುವ ನಾಲ್ಕು ಕೋಶಕ್ಕೆ ಅಂಥ ಸಾಮರ್ಥ್ಯ ಬರುವುದು ತೀರಾ ಅಪರೂಪ. ಎಚ್ಚರ ಬೇಕಾದ ಜಾಗಗಳು ಬೇರೆಯೇ ಇವೆ. ವೃಷಣದ ಗಡ್ಡೆಗೆ ಸೂಜಿ ಹಾಕುವುದಿಲ್ಲ, ಅನುಮಾನಾಸ್ಪದ ಅಂಡಾಶಯದ ಚೀಲವನ್ನು ಒಡೆಯುವುದಿಲ್ಲ, ಮೂಳೆ-ಸ್ನಾಯುವಿನ ಸಾರ್ಕೋಮಕ್ಕೆ ಮುಂದೆ ಆಪರೇಷನ್ ಮಾಡುವ ಸರ್ಜನ್ ತೋರಿಸಿದ ಗೆರೆಯಲ್ಲೇ ಸೂಜಿ ಹೋಗಬೇಕು.

ರಕ್ತದ ಒಂದು ಕ್ಯಾನ್ಸರಿನಲ್ಲಿ, ಸಿಎಂಎಲ್‌ನಲ್ಲಿ, ಕಥೆ ಸರಳ. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ ಹುಟ್ಟುವ ಪ್ರೋಟೀನು ಆರೋಗ್ಯವಂತ ಕೋಶದಲ್ಲಿ ಇರುವುದಿಲ್ಲ, ರೋಗ ನಡೆಯುವುದೂ ಬಹುಪಾಲು ಅದೊಂದರ ಬಲದಿಂದ. 2001ರಲ್ಲಿ ಬಂದ ಇಮ್ಯಾಟಿನಿಬ್ ಮಾತ್ರೆ ಅದನ್ನು ಸಕ್ಕರೆಕಾಯಿಲೆಯಂತೆ ಮಾತ್ರೆ ನುಂಗುತ್ತ ಬಾಳಬಹುದಾದ ರೋಗವಾಗಿಸಿತು. ಸ್ತನ, ಶ್ವಾಸಕೋಶ, ಬಾಯಿಯ ಗಡ್ಡೆಗಳಿಗೆ ಅಂಥ ಒಂಟಿ ಕೊರಳಿಲ್ಲ. ಒಂದೇ ಗಡ್ಡೆಯ ಎರಡು ಮೂಲೆಯ ಕೋಶಗಳಲ್ಲೇ ದೋಷಗಳ ಪಟ್ಟಿ ಬೇರೆಬೇರೆ. ಔಷಧಿಗೆ ಬಗ್ಗುವವು ಸಾಯುತ್ತವೆ, ಬಗ್ಗದ ಕೆಲವು ಉಳಿದು ಊರು ಕಟ್ಟುತ್ತವೆ. ರೋಗ ಮರಳಿದಾಗ ಮತ್ತೆ ಬಯಾಪ್ಸಿ ಎಂದರೆ ‘ಒಮ್ಮೆ ಆಗಿದೆಯಲ್ಲ’ ಎಂದು ಜಗಳ ತೆಗೆಯುವವರುಂಟು. ಮರಳಿ ಬಂದದ್ದು ಮೊದಲಿನ ಕೋಶವೇ ಆಗಿರಬೇಕಿಲ್ಲ. ಸ್ತನದ ಕ್ಯಾನ್ಸರಿನಲ್ಲಿ ರಿಸೆಪ್ಟರ್ ಬದಲಾಗಿರುವುದು ಅಪರೂಪವೇನಲ್ಲ.

ಹಳೆಯದಕ್ಕೂ ಹೊಸದಕ್ಕೂ ಹೋಲಿಸಲು ಮೊದಲಿನ ಮೇಣದ ಬ್ಲಾಕ್ ಬೇಕಾಗುತ್ತದೆ. ಬೇರೆ ಆಸ್ಪತ್ರೆಗೆ ಹೋಗುವವರು ರಿಪೋರ್ಟಿನ ಜೆರಾಕ್ಸ್ ಮಾತ್ರ ಒಯ್ದರೆ ಸಾಲದು. ಲ್ಯಾಬಿಗೆ ಅರ್ಜಿ ಕೊಟ್ಟು ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಪಡೆದು, ಅವುಗಳ ಮೇಲಿನ ನಂಬರ್ ರಿಪೋರ್ಟಿನ ನಂಬರಿಗೆ ತಾಳೆಯಾಗುತ್ತದೆಯೇ ಅಲ್ಲೇ ನೋಡಿಕೊಳ್ಳಬೇಕು. ಫ್ರಿಜ್ಜು ಬೇಡ, ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಇಡಬೇಡಿ, ಆ ಮೇಣ 60 ಡಿಗ್ರಿಯೊಳಗೇ ಕರಗುತ್ತದೆ.